ಗಂಟೆಯ ಮಾತ್ರೆ, ದಿನದ ಮಾತ್ರೆ

ಪರದೆಯಕ್ಕನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಂಡು ತಿಂಗಳುಗಳೇ ಆಗಿದ್ದವು. ಒಬ್ಬರು ತಟ್ಟೆ ಮುಂದೆ ಕೂತರೆ ಇನ್ನೊಬ್ಬರು ಒಳಕೋಣೆಗೆ ಎದ್ದು ಹೋಗಬೇಕು. ಅಲ್ಲಿ ಕಬ್ಬಿಣದ ಮಂಚದ ಮೇಲೆ ಅವಳ ಗಂಡ, ಬೀದಿಯವರೆಲ್ಲ ಲಿಫ್ಟ್ ಮೇಸ್ತ್ರಿ ಎಂದು ಕರೆಯುತ್ತಿದ್ದ ಮನುಷ್ಯ, ಕಣ್ಣು ಬಿಟ್ಟುಕೊಂಡು ಮಲಗಿದ್ದ. ಕಣ್ಣು ಬಿಟ್ಟಿತ್ತು ಅಷ್ಟೆ, ಅದರಲ್ಲಿ ನೋಟವಿರಲಿಲ್ಲ. ಹೊಸ ಕಟ್ಟಡವೊಂದರಲ್ಲಿ ಲಿಫ್ಟ್ ಕೂರಿಸುವಾಗ ಏಣಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೆಯವರು ಜೀವ ಉಳಿಸಿ ಮನೆಗೆ ಕಳಿಸಿದರು; ಎಚ್ಚರ ಮಾತ್ರ ಯಾರ ಕೈಗೂ ಸಿಗಲಿಲ್ಲ. ಒಮ್ಮೊಮ್ಮೆ ಬೆರಳು ಅಲುಗುತ್ತಿತ್ತು, ಒಮ್ಮೊಮ್ಮೆ ಬಾಗಿಲ ಸದ್ದಿಗೆ ಕತ್ತು ಹೊರಳುತ್ತಿತ್ತು. ಹಾಗಾದಾಗಲೆಲ್ಲ ಮನೆಯವರು ಮಂಚದ ಸುತ್ತ ಸೇರಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಮೇಲೆ ಏನೂ ಆಗುತ್ತಿರಲಿಲ್ಲ.

ಪರದೆಯಕ್ಕ ಮನೆಯಲ್ಲೇ ಕೂತು ಕಿಟಕಿ ಪರದೆ, ಬಾಗಿಲು ಪರದೆ ಹೊಲಿಯುವವಳು. ಬೀದಿಯವರು ಇಟ್ಟ ಹೆಸರು ಅದು. ಅವಳೂ ಅದಕ್ಕೇ ಓಗೊಡುತ್ತಿದ್ದಳು. ಮೇಸ್ತ್ರಿ ಬಿದ್ದ ಮೇಲೆ ಹೊಲಿಗೆ ಮಶೀನನ್ನೂ ಅದೇ ಕೋಣೆಗೆ ಎಳೆದು ತಂದಿದ್ದಳು. ಒಂದು ಪರದೆಯ ಅಂಚು ಮುಗಿಸಿ ಏಳುವಳು, ಗಂಡನನ್ನು ಎಡಕ್ಕೆ ಹೊರಳಿಸುವಳು. ಇನ್ನೊಂದು ಮುಗಿಸಿ ಏಳುವಳು, ಬಲಕ್ಕೆ ಹೊರಳಿಸುವಳು. ಮೂಗಿನ ನಳಿಕೆಯಲ್ಲಿ ತೆಳು ಗಂಜಿ ಬಿಡುವುದು, ಬಟ್ಟೆ ಬದಲಿಸುವುದು, ಬೆನ್ನಿಗೆ ಪುಡಿ ಹಾಕುವುದು. ಎಷ್ಟು ಹೊರಳಿಸಿದರೂ ಸೊಂಟದ ಕೆಳಗೆ ಒಂದು ಹುಣ್ಣು ಎದ್ದಿತ್ತು. ಅದು ದಿನಾ ಎಷ್ಟಗಲ ಆಗಿದೆ ಎಂದು ಅವಳಿಗೊಬ್ಬಳಿಗೇ ಗೊತ್ತು. ಉಳಿದವರು ಅದನ್ನು ನೋಡಲಾರೆವು ಎಂದು ಮುಖ ತಿರುಗಿಸುತ್ತಿದ್ದರು.

ಉಳಿದವರು ಎಂದರೆ ಇಬ್ಬರೇ. ಒಬ್ಬರು ಅತ್ತೆ, ಮೇಸ್ತ್ರಿಯ ತಾಯಿ. ಎಪ್ಪತ್ತು ದಾಟಿದ ಜೀವ. ಬಾಗಿಲ ಹತ್ತಿರ ತರಕಾರಿ ಹೆಚ್ಚುತ್ತ ಮಗನಿಗೆ ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದರು. ಅವನು ಉತ್ತರ ಕೊಟ್ಟ ಹಾಗೆ ತಾವೇ ತಲೆಯಾಡಿಸಿ ಮುಂದಿನ ಸುದ್ದಿಗೆ ಹೋಗುತ್ತಿದ್ದರು. ಇನ್ನೊಬ್ಬಳು ಮಗಳು. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸ. ಅಪ್ಪನ ಮಗಳು ಅವಳು. ಮೊದಲೆಲ್ಲ ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಹರಟೆ ಶುರುವಿಟ್ಟುಕೊಂಡರೆ ಅಡುಗೆ ಆರಿ ತಣ್ಣಗಾದರೂ ಒಳಗೆ ಬರುತ್ತಿರಲಿಲ್ಲ. ಈಗ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಮಂಚದ ಹತ್ತಿರ ಹೋಗಿ, "ಅಪ್ಪಾ, ನಾನು," ಎನ್ನುತ್ತಿದ್ದಳು. ಆಮೇಲೆ ಯಾರ ಮೇಲೂ ಅಲ್ಲದ ಒಂದು ಸಿಟ್ಟನ್ನು ಅಡುಗೆಮನೆಯ ಪಾತ್ರೆಗಳ ಮೇಲೆ ತೀರಿಸುತ್ತಿದ್ದಳು.

ಹೊಸ ಚಿಕಿತ್ಸೆಯ ಸುದ್ದಿ ಹಿಡಿದು ತಂದವಳೂ ಅವಳೇ. ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯಲ್ಲಿ, ಹೀಗೆ ಅರೆ ಎಚ್ಚರದಲ್ಲಿ ಬಿದ್ದವರ ಮಿದುಳಿನ ಒಂದು ನಕಲು ಪ್ರತಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರಂತೆ. ಯಾವ ಮದ್ದು ಹಿಡಿಸೀತು ಎಂದು ಮೊದಲು ಆ ಪ್ರತಿಯ ಮೇಲೆ ನೋಡಿ, ಆಮೇಲೆ ಮನುಷ್ಯನಿಗೆ ಕೊಡುತ್ತಾರಂತೆ. ಪರದೆಯಕ್ಕನಿಗೆ ನಂಬಿಕೆ ಬರಲಿಲ್ಲ. ಆದರೆ ಬೇಡ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಮೇಸ್ತ್ರಿಯನ್ನು ಕರೆದುಕೊಂಡು ಹೋದರು, ಅವನ ತಲೆಯನ್ನು ಕೊಳವೆಯಂಥ ಯಂತ್ರದೊಳಗೆ ಇಟ್ಟು ಚಿತ್ರ ತೆಗೆದರು, ನೆತ್ತಿಯ ತುಂಬ ತಂತಿ ಅಂಟಿಸಿ ಏನೇನೋ ಅಳೆದರು. ಕೆಲವು ವಾರ ಕಳೆದ ಮೇಲೆ ಮನೆಯವರನ್ನು ಕರೆಸಿದರು.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ನಿಧಾನ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಮಿದುಳು ತೋರಿಸಿದಳು. ಅದರ ತುಂಬ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಸಾವಿರ ಗೆರೆಗಳು.

ಅತ್ತೆ ಮುಂದಕ್ಕೆ ಬಾಗಿ ನೋಡಿದರು. "ಇದರೊಳಗೆ ನನ್ನ ಮಗ ಮಾತಾಡ್ತಾನಾ?"

"ಇಲ್ಲ ಅಜ್ಜಿ. ಇದು ಅವರಲ್ಲ. ಅವರ ಮಿದುಳಿನಲ್ಲಿ ಯಾವ ಭಾಗ ಯಾವುದರ ಜೊತೆ ಎಷ್ಟು ಸಂಪರ್ಕ ಇಟ್ಕೊಂಡಿದೆ ಅನ್ನೋ ಲೆಕ್ಕ ಅಷ್ಟೆ."

ಎಚ್ಚರವಿರುವ ಮಿದುಳಿನಲ್ಲಿ ಒಂದು ಮೂಲೆಯ ಮಾತು ಇನ್ನೊಂದು ಮೂಲೆಗೂ ಮುಟ್ಟುತ್ತದೆ, ಮೇಸ್ತ್ರಿಯದರಲ್ಲಿ ಅಕ್ಕಪಕ್ಕದವೇ ತಮ್ಮತಮ್ಮೊಳಗೆ ಗೊಣಗಿಕೊಂಡು ಸುಮ್ಮನಾಗುತ್ತವೆ ಎಂದು ಅವಳು ವಿವರಿಸಿದಳು. ಒಂದೊಂದೇ ಮದ್ದಿನ ಪರಿಣಾಮವನ್ನು ಆ ಪ್ರತಿಯ ಮೇಲೆ ಓಡಿಸಿ ನೋಡಿದ್ದರು. ಹೆಚ್ಚಿನವು ಏನೂ ಮಾಡಲಿಲ್ಲ. ಕೆಲವು ಇದ್ದುದನ್ನೂ ಕೆಡಿಸಿದವು. ಎರಡು ಮಾತ್ರ ಅಲುಗಿಸಿದವು. ಆ ಎರಡರಲ್ಲಿ ಒಂದು, ಜನ ನಿದ್ದೆ ಬಾರದಿದ್ದಾಗ ನುಂಗುವ ಮಾತ್ರೆ.

"ಮಲಗಿದೋನಿಗೆ ಮಲಗೋ ಮಾತ್ರೆಯಾ?" ಎಂದರು ಅತ್ತೆ. ಡಾಕ್ಟರಮ್ಮನಿಗೂ ನಗು ಬಂತು. ನೂರರಲ್ಲಿ ಒಬ್ಬಿಬ್ಬರಿಗೆ ಹಾಗೆ ತಿರುವುಮುರುವು ಆಗುತ್ತದೆ, ಬಾಗಿಲಿಗೆ ಅಡ್ಡ ಕೂತ ಕಾವಲುಗಾರ ತೂಕಡಿಸಿದರೆ ಒಳಗಿದ್ದವರು ಹೊರಗೆ ಬಂದ ಹಾಗೆ ಎಂದಳು. ಪ್ರತಿಯಲ್ಲಿ ಎಚ್ಚರ ಎಷ್ಟಿದೆ ಎಂದು ತೋರಿಸುವ ಗೆರೆ ಆ ಮಾತ್ರೆಗೆ ಒಮ್ಮೆಲೇ ಮೇಲೆದ್ದು, ಸ್ವಲ್ಪ ಹೊತ್ತು ನಿಂತು, ದೊಪ್ಪನೆ ಬೀಳುತ್ತಿತ್ತು. ಇನ್ನೊಂದು, ಕೈನಡುಕದವರಿಗೆ ಕೊಡುವ ಮದ್ದು. ಅದಕ್ಕೆ ಗೆರೆ ವಾರಗಟ್ಟಲೆ ತೆವಳಿಕೊಂಡು ಒಂದಿಷ್ಟೇ ಏರಿ, ಏರಿದಲ್ಲೇ ನಿಲ್ಲುತ್ತಿತ್ತು. ಎರಡನ್ನೂ ಒಟ್ಟಿಗೆ ಕೊಟ್ಟರೆ ಗೆರೆ ಹುಚ್ಚಾಪಟ್ಟೆ ಕುಣಿಯಿತು. ಹಾಗಾದರೆ ಫಿಟ್ಸ್ ಬರುವ ಭಯವಿದೆ, ಆದ್ದರಿಂದ ಯಾವುದಾದರೂ ಒಂದೇ. ಅಷ್ಟು ಹೇಳಿ, ಇದೆಲ್ಲ ಅಂದಾಜು, ಕೊಟ್ಟು ನೋಡದೆ ಖಾತ್ರಿ ಹೇಳಲಾರೆ ಎಂದೂ ಸೇರಿಸಿದಳು. ಮೊದಲನೆಯದು ಮತ್ತೆ ಮತ್ತೆ ಕೊಟ್ಟಂತೆ ಮೊಂಡಾಗಬಹುದು ಎಂದೂ ಹೇಳಿದಳು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಧಾನದ ಮದ್ದು ಕೊಟ್ಟರೆ ಅವರು ಅನ್ನ ನುಂಗುತ್ತಾರಾ ಎಂದು ಪರದೆಯಕ್ಕ ಕೇಳಿದಳು. ನುಂಗಬಹುದು ಎಂದಳು ಡಾಕ್ಟರಮ್ಮ. ಮಾತಾಡುತ್ತಾರಾ ಎಂದು ಮಗಳು ಕೇಳಿದಳು. ಗೆರೆ ಅಷ್ಟು ಎತ್ತರಕ್ಕೆ ಹೋಗುವ ಹಾಗೆ ಕಾಣುವುದಿಲ್ಲ ಎಂಬ ಉತ್ತರ ಬಂತು.

"ಹಾಗಾದ್ರೆ ಮೊದಲನೇದೇ," ಎಂದಳು ಮಗಳು, ಅಮ್ಮನ ಮುಖ ಕೂಡ ನೋಡದೆ.

ಮನೆಗೆ ಬರುವ ಬಸ್ಸಿನಲ್ಲೇ ಅತ್ತೆ ಎರಡಕ್ಕೂ ಹೆಸರಿಟ್ಟಾಗಿತ್ತು. ಒಂದು ಗಂಟೆಯ ಮಾತ್ರೆ, ಒಂದು ದಿನದ ಮಾತ್ರೆ.

ಗಂಟೆಯ ಮಾತ್ರೆಯನ್ನು ಮೊದಲ ಸಲ ಆಸ್ಪತ್ರೆಯಲ್ಲೇ ಪುಡಿಮಾಡಿ ನಳಿಕೆಯಲ್ಲಿ ಬಿಟ್ಟರು. ಮಗಳು ಮಂಚದ ಕಂಬಿ ಹಿಡಿದು ನಿಂತಿದ್ದಳು. ಅತ್ತೆ ಕುರ್ಚಿಯಲ್ಲಿ, ಪರದೆಯಕ್ಕ ಕಾಲ ಬಳಿ. ಹೊತ್ತು ಹೋಯಿತು. ಮೇಸ್ತ್ರಿಯ ಕೆನ್ನೆ ಸ್ವಲ್ಪ ಬಿಗಿಯಾಯಿತು. ಆಮೇಲೆ ಅವನ ಕಣ್ಣಿನೊಳಗೆ ಯಾರೋ ಬಂದು ಕೂತ ಹಾಗಾಯಿತು. ಅವನು ಸೂರು ನೋಡಿದ, ಕಿಟಕಿ ನೋಡಿದ, ತಾಯಿಯ ಮುಖದ ಮೇಲೆ ಕಣ್ಣು ನಿಲ್ಲಿಸಿ, ಒಡೆದ ದನಿಯಲ್ಲಿ ಕೇಳಿದ.

"ಅಮ್ಮಾ, ಕನ್ನಡಕ ಎಲ್ಲಿ?"

ಅತ್ತೆಯ ಕನ್ನಡಕ ಒಡೆದು ತಿಂಗಳಾಗಿತ್ತು. ಈ ಗಲಾಟೆಯಲ್ಲಿ ಯಾರಿಗೂ ಅದು ಕಂಡಿರಲೇ ಇಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕುಸಿದರು. ಮಗಳು ಅವನ ಎದೆಯ ಮೇಲೆ ತಲೆಯಿಟ್ಟು ಅಳತೊಡಗಿದಳು. ಮೇಸ್ತ್ರಿ ಮಾತಾಡಿದ, ಕೇಳಿದ, ಒಂದು ಸಲ ನಕ್ಕ. ತಾನು ಬಿದ್ದದ್ದು ಅವನಿಗೆ ನೆನಪಿರಲಿಲ್ಲ. ಹೇಳಿದಾಗ, ಹೌದಾ ಎಂದು ಬೇರೆ ಯಾರದೋ ಕತೆ ಕೇಳಿದ ಹಾಗೆ ಕೇಳಿಸಿಕೊಂಡ. ಪರದೆಯಕ್ಕನನ್ನು ನೋಡಿ, ಇಷ್ಟು ಸೊರಗಿದ್ದೀಯಲ್ಲ ಎಂದ. ಅವಳು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ಇನ್ನೇನೋ ಕೇಳಿದಳು. ಹೀಗೇ ಮಾತು ನಡೆದಿರುವಾಗ, ಒಂದು ವಾಕ್ಯದ ನಡುವೆ ಅವನ ದವಡೆ ಸಡಿಲವಾಯಿತು. ಕಣ್ಣು ಬಿಟ್ಟೇ ಇತ್ತು. ಅದರೊಳಗಿದ್ದವನು ಎದ್ದು ಹೋಗಿದ್ದ.

ಅಂದಿನಿಂದ ಮನೆಗೆ ನೆಮ್ಮದಿ ಬರಬೇಕಿತ್ತು. ಬಂದದ್ದು ಜಗಳ. ದಿನಬಿಟ್ಟು ದಿನ ಮಾತ್ರೆ, ಮಾತ್ರೆಗೊಂದು ಗಂಟೆ. ಆ ಗಂಟೆ ಯಾರದು? ಮಗಳಿಗೆ ಅದು ತಾನು ಆಫೀಸಿನಿಂದ ಬಂದ ಮೇಲೇ ಬೇಕು. ಅತ್ತೆಗೆ ಬೆಳಿಗ್ಗೆಯೇ ಬೇಕು, ಸಂಜೆ ಹೊತ್ತಿಗೆ ಅವರಿಗೆ ತೂಕಡಿಕೆ. ಲಿಫ್ಟ್ ಕಂಪನಿಯ ಗೆಳೆಯರು ಸುದ್ದಿ ತಿಳಿದು ಹಣ್ಣು ಹಿಡಿದು ಬಂದರು. ಅವರಿಗೊಂದು ಗಂಟೆ ಹೋಯಿತು, ಆ ಸಂಜೆ ಮಗಳು ಊಟ ಬಿಟ್ಟಳು. ಮಾತ್ರೆ ಕೊಟ್ಟ ಕ್ಷಣದಿಂದ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಾಲು ಉಕ್ಕುತ್ತಿತ್ತು, ಬಾಗಿಲು ಬಡಿದವರಿಗೆ ಉತ್ತರವಿರುತ್ತಿರಲಿಲ್ಲ. ಗಂಟೆ ಮುಗಿದ ಮೇಲೆ ಎಲ್ಲರೂ ಸುಸ್ತಾಗಿ ಗೋಡೆಗೊರಗುತ್ತಿದ್ದರು. ಆಗ ಪರದೆಯಕ್ಕ ಬಿಸಿನೀರಿನ ಬೋಗುಣಿ ಹಿಡಿದು ಬಂದು ಗಂಡನ ಮೈ ಒರೆಸಲು ಶುರುಮಾಡುತ್ತಿದ್ದಳು. ಅವಳ ಪಾಲಿಗೆ ಬರುತ್ತಿದ್ದುದು ಯಾವಾಗಲೂ ಗಂಟೆ ಮುಗಿದ ಮೇಲಿನ ಮನುಷ್ಯ.

ಒಂದು ದಿನ ಮಗಳು ಆಫೀಸಿನಲ್ಲಿರುವಾಗಲೇ ಅವಳು ಮಾತ್ರೆ ಕೊಟ್ಟುಬಿಟ್ಟಳು. ಗಂಡನ ಕಣ್ಣಿಗೆ ನೋಟ ಬಂದದ್ದೇ ಅವನನ್ನು ಎತ್ತಿ ದಿಂಬಿಗೆ ಒರಗಿಸಿ, ಬೇಯಿಸಿದ ಆಲೂಗಡ್ಡೆಯನ್ನು ಹಾಲಿನಲ್ಲಿ ಕಿವುಚಿ, ಚಮಚ ಚಮಚವಾಗಿ ಬಾಯಿಗೆ ಕೊಟ್ಟಳು. ನಳಿಕೆಯಿಲ್ಲದೆ ಅವನು ತಿಂದದ್ದು ಅದೇ ಮೊದಲು. ಮಾತಿಗೆ ಜಾಗವಿರಲಿಲ್ಲ, ನುಂಗಿ, ಇನ್ನೊಂದು ತುತ್ತು, ನುಂಗಿ ಎನ್ನುವುದರಲ್ಲೇ ಗಂಟೆ ಹೋಯಿತು.

ಸಂಜೆ ಮಗಳು ಬಂದು ಅಪ್ಪನ ಕಣ್ಣು ನೋಡಿದಳು. ಬಟ್ಟಲು ನೋಡಿದಳು.

"ಕೊಟ್ಟುಬಿಟ್ಯಾ?"

"ಕೊಟ್ಟೆ. ಬಾಯಲ್ಲಿ ತಿಂದ್ರು ಇವತ್ತು."

"ತಿನ್ನಿಸೋಕೆ ನಳಿಕೆ ಇದೆಯಲ್ಲಮ್ಮ. ಮಾತಾಡೋಕೆ ಏನಿದೆ?"

"ನಿಂಗೆ ಅವರ ಮಾತು ಬೇಕು," ಎಂದಳು ಪರದೆಯಕ್ಕ. "ನಂಗೆ ಅವರ ಸೊಂಟದ ಹುಣ್ಣು ಮಾಯಬೇಕು. ಮೈಗೆ ಅನ್ನ ಹತ್ತದೆ ಅದು ಮಾಯಲ್ಲ. ನೀನು ಅದನ್ನ ಒಂದು ಸಲನಾದ್ರೂ ನೋಡಿದ್ದೀಯಾ?"

ಮಗಳು ಚೀಲವನ್ನು ಅಲ್ಲೇ ಬಿಸಾಕಿ ಹೊರಗೆ ಹೋದಳು. ಅತ್ತೆ ಇಬ್ಬರಿಗೂ ಕೇಳುವ ಹಾಗೆ, ಇವನು ಸುಮ್ಮನೆ ಮಲಗಿದ್ದಾಗಲೇ ಈ ಮನೆ ಚೆನ್ನಾಗಿತ್ತು ಎಂದರು. ಅಂದ ಮಾತಿಗೆ ತಾವೇ ಹೆದರಿ ಅಡುಗೆಮನೆಗೆ ಸರಿದರು.

ದಿನ ಕಳೆದಂತೆ ಗಂಟೆ ಸವೆಯಿತು. ಮೊದಲು ಎದ್ದಷ್ಟು ಬೇಗ ಏಳುತ್ತಿರಲಿಲ್ಲ, ಇದ್ದಷ್ಟು ಹೊತ್ತು ಇರುತ್ತಿರಲಿಲ್ಲ. ಮಾತ್ರೆಯ ಮರುದಿನವಂತೂ ಮರದ ದಿಮ್ಮಿಯ ಹಾಗೆ ಬಿಗಿದುಕೊಳ್ಳುತ್ತಿದ್ದ, ಹೊರಳಿಸಲು ಅತ್ತೆಯೂ ಕೈ ಕೊಡಬೇಕಾಗುತ್ತಿತ್ತು. ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಪ್ರತಿಯ ಗೆರೆಗಳನ್ನು ಮತ್ತೆ ತೋರಿಸಿದಳು. ಅಲ್ಲೂ ಗೆರೆ ಸಲಸಲಕ್ಕೂ ಕುಳ್ಳಾಗುತ್ತ ಬಂದಿತ್ತು. ಮೊದಲೇ ಗೊತ್ತಿದ್ದರೆ ಒತ್ತಿ ಹೇಳಬಾರದಿತ್ತೇ ಎಂದು ಪರದೆಯಕ್ಕ ಕೇಳಿದಳು. ಹೇಳಿದ್ದೆ ಎಂದು ಶುರುಮಾಡಿದ ಡಾಕ್ಟರಮ್ಮ ಮಾತು ತಿದ್ದಿಕೊಂಡಳು. ಆಮೇಲೆ, ಒತ್ತಿ ಹೇಳಲಿಲ್ಲ, ಅವರು ಮಾತಾಡಿದ್ದನ್ನು ನೋಡಿ ನನಗೂ ಆಸೆಯಾಗಿತ್ತು ಎಂದಳು. ಇನ್ನು ಇದನ್ನೇ ಮುಂದುವರಿಸಿದರೆ ಕೆಲವೇ ತಿಂಗಳಲ್ಲಿ ಇದೂ ಇಲ್ಲವಾದೀತು; ನಿಲ್ಲಿಸಿದರೆ, ಕೆಲವು ದಿನ ಬಿಟ್ಟು ಇನ್ನೊಂದನ್ನು ಶುರುಮಾಡಬಹುದು. ಮೊದಲ ಕೆಲವು ವಾರ ಏನೂ ಕಾಣುವುದಿಲ್ಲ. ಕಂಡದ್ದೂ ಸಣ್ಣದು. ಆದರೆ ಕಂಡದ್ದು ಉಳಿಯಬಹುದು.

"ಕೆಲವು ತಿಂಗಳಾದ್ರೆ ಕೆಲವು ತಿಂಗಳು," ಎಂದಳು ಮಗಳು. "ಅಪ್ಪ ಇರ್ತಾರಲ್ಲ ಅಷ್ಟು ದಿನ."

ಮನೆಯಲ್ಲಿ ಮೂರು ದಿನ ಅದೇ ಮಾತು. ತಟ್ಟೆಯ ಮುಂದೆ, ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ. ಕೊನೆಗೆ ಅತ್ತೆಯೇ ದಾರಿ ಹೇಳಿದರು: ಅವನಿಗೆ ಬಾಯಿ ಬಂದಾಗ ಅವನನ್ನೇ ಕೇಳಿ. ಮಗಳು ತಾನು ಕೇಳುವುದಿಲ್ಲ ಎಂದಳು. ಹೆತ್ತ ಬಾಯಲ್ಲಿ ಕೇಳಲಾರೆ ಎಂದರು ಅತ್ತೆ. ಉಳಿದವಳು ಒಬ್ಬಳೇ.

ಭಾನುವಾರ ಮಧ್ಯಾಹ್ನ ಮಾತ್ರೆ ಕೊಟ್ಟರು. ಮೇಸ್ತ್ರಿ ನಿಧಾನವಾಗಿ ಬಂದ. ನೀರು ಕೇಳಿ ಕುಡಿದ. ಪರದೆಯಕ್ಕ ಮಂಚದ ಅಂಚಿನಲ್ಲಿ ಕೂತು, ಮಶೀನಿನ ಮೇಲಿದ್ದ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಎರಡು ಮಾತ್ರೆಗಳ ಕತೆಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಎರಡನೇದು ತಗೊಂಡ್ರೆ ನಾನು ಮಾತಾಡಲ್ವಾ?"

"ಕಷ್ಟ ಅಂತಾರೆ."

"ಮತ್ತೆ ಏನು ಬರುತ್ತೆ?"

"ನುಂಗೋಕೆ ಬರಬಹುದು. ಕೈ ಊರೋಕೆ. ನಾವು ಬಂದ್ರೆ ಬಂದ್ರು ಅಂತ ಗೊತ್ತಾಗೋಕೆ."

ಮೇಸ್ತ್ರಿ ಸೂರು ನೋಡಿದ. "ಈ ಗಂಟೆ ಬಿಟ್ಟು ಉಳಿದ ಹೊತ್ತು ನಾನು ಹೇಗಿರ್ತೀನಿ?"

ಅವಳು ಅವನ ಹೊದಿಕೆ ಸರಿಮಾಡಿದಳು. "ಇಲ್ಲೇ ಇರ್ತೀರಿ. ಮಲಗಿರ್ತೀರಿ."

"ನಂಗೇನೂ ಗೊತ್ತಾಗಲ್ಲ ನೋಡು. ನಂಗೆ ಒಂದು ಗಂಟೆ ಆದಮೇಲೆ ಇನ್ನೊಂದು ಗಂಟೆ, ಅಷ್ಟೆ. ನಡುವಿನ ಹೊತ್ತೆಲ್ಲ ನೀನೇ ನೋಡ್ತಿರೋದು." ಅವನು ಉಸಿರು ತೆಗೆದುಕೊಂಡ. "ನಾನು ಹೇಳಿದ್ರೆ ಈ ಗಂಟೆನೇ ಬೇಕು ಅಂತೀನಿ. ಅದಕ್ಕೇ ನನ್ನ ಕೇಳಬೇಡ. ನೀನು ಹೇಳು."

"ಅಪ್ಪಾ, ಬೇಕು ಅಂತಲೇ ಹೇಳು," ಎಂದಳು ಮಗಳು. ಮೇಸ್ತ್ರಿ ಅವಳನ್ನು ಹತ್ತಿರ ಕರೆದು ಕೈ ಹಿಡಿದುಕೊಂಡ. ಕೊರಿಯರ್ ಆಫೀಸಿನಲ್ಲಿ ಯಾವಾಗಲೂ ಗಡಿಯಾರ ನೋಡುತ್ತಿರುವ ಆ ಮೇನೇಜರು ಇನ್ನೂ ಇದ್ದಾನಾ ಎಂದು ಕೇಳಿದ. ಅವಳು ಅಳುತ್ತಲೇ ಹೇಳತೊಡಗಿದಳು. ಕೇಳುತ್ತ ಕೇಳುತ್ತಲೇ ಅವನು ಹೋದ.

ಆ ವಾರ ಪರದೆಯಕ್ಕನ ಕೈಗೆ ಕೆಲಸ ಹತ್ತಲಿಲ್ಲ. ಬಲಗಡೆಯ ಪರದೆ ಎರಡು ಹೊಲಿದು ಎಡಗಡೆಯದು ಮರೆತಳು. ಒಲೆಯ ಮೇಲೆ ಅನ್ನವಿಟ್ಟು ಅಂಗಡಿಗೆ ಹೋಗಿ, ಏನು ತರಬೇಕೆಂದು ನೆನಪಾಗದೆ ಬರಿಗೈಯಲ್ಲಿ ಬಂದಳು. ಗಿರಾಕಿಯೊಬ್ಬರ ಮನೆಗೆ ಅಳತೆಗೆ ಹೋದವಳು ಟೇಪು ಕಿಟಕಿಗೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದಳೋ, ಆ ಮನೆಯಾಕೆ ಕುರ್ಚಿ ಎಳೆದು ಕೂರಿಸಿದಳು. ಗಂಡ ತನ್ನ ಹೊರೆ ಇಳಿಸಿ ಇವಳ ತಲೆ ಮೇಲೆ ಇಟ್ಟ ಎಂದು ಒಮ್ಮೆ ಸಿಟ್ಟು ಬರುತ್ತಿತ್ತು. ಮರುಕ್ಷಣ, ಅವನ ದನಿ ಇಲ್ಲದ ಮನೆಯನ್ನು ನೆನೆಸಿಕೊಂಡರೆ ಹೊಲಿಗೆ ಅಲ್ಲೇ ನಿಲ್ಲುತ್ತಿತ್ತು. ಆ ದನಿ ತನಗೂ ಬೇಕು ಎಂದು ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ; ಅವಳಿಗೂ ಈಗಷ್ಟೇ ಗೊತ್ತಾಗುತ್ತಿತ್ತು.

ಹುಣ್ಣಿನ ಬಟ್ಟೆ ಬಿಚ್ಚಿ ಕಟ್ಟುವಾಗ ಒಂದು ಬೆಳಿಗ್ಗೆ ಒಳಗೆ ಎಲುಬಿನಂಥ ಬಿಳಿಯದು ಕಂಡಿತು. ಕೈ ತೊಳೆದು ಹೊರಗೆ ಬಂದವಳೇ, ದಿನದ ಮಾತ್ರೆ ಎಂದಳು.

ಮಗಳು ಊಟದ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ನಿಂಗೆ ಕೆಲಸ ಹಗುರಾಗ್ಬೇಕು. ಅದಕ್ಕೆ ಅಪ್ಪನ ಬಾಯಿ ಮುಚ್ಚಿಸ್ತಿದ್ದೀಯ."

"ಹೌದು, ಹಗುರಾಗ್ಬೇಕು," ಎಂದಳು ಪರದೆಯಕ್ಕ. "ನಾನು ಬಿದ್ರೆ ಅವರನ್ನ ಹೊರಳಿಸೋರು ಯಾರು?"

ಅದಾದ ಮೇಲೆ ತಾಯಿ ಮಗಳ ನಡುವೆ ಮಾತು ನಿಂತಿತು.

ಗಂಟೆಯ ಮಾತ್ರೆ ಬಿಡುವ ಮೊದಲು ಒಂದೇ ಒಂದು ಗಂಟೆ ಉಳಿದಿತ್ತು. ಮಗಳು ಅದರಲ್ಲಿ ತಾನಿರುವುದಿಲ್ಲ ಎಂದು ಬೆಳಿಗ್ಗೆಯೇ ಹೊರಟುಹೋದಳು. ಅತ್ತೆ ಸ್ವಲ್ಪ ಹೊತ್ತು ಮಗನ ತಲೆ ಸವರಿ, ಹೊಸ ಕನ್ನಡಕ ಹಾಕಿಕೊಂಡು ಮುಖ ತೋರಿಸಿ, ಇನ್ನು ನೀನು ಕೂತುಕೋ ಎಂದು ಸೊಸೆಗೆ ಹೇಳಿ ಹೊರಗಿನ ಮೆಟ್ಟಿಲಿಗೆ ಹೋದರು. ಅವನು ಬಿದ್ದಾಗಿನಿಂದ ಗಂಡಹೆಂಡಿರು ಇಬ್ಬರೇ ಮಾತಿಗೆ ಕೂತದ್ದು ಅದೇ ಮೊದಲು. ಪರದೆಯಕ್ಕ ವಾರವೆಲ್ಲ ಮನಸ್ಸಿನಲ್ಲಿ ಮಾತು ಕೂಡಿಟ್ಟುಕೊಂಡಿದ್ದಳು. ಮೇಸ್ತ್ರಿ ಮೂಗಿನ ಕೆಳಗೆ ಕೈಯಾಡಿಸಿಕೊಂಡು, ನನ್ನ ಮೀಸೆ ಎಲ್ಲಿ ಎಂದು ಕೇಳಿದ. ನಳಿಕೆಯ ಪಟ್ಟಿ ಅಂಟುವುದಿಲ್ಲ ಎಂದು ಬೋಳಿಸಿದೆ ಎಂದಳು. ಕೇಳದೆ ಹೇಗೆ ಬೋಳಿಸಿದೆ ಎಂದ. ಕೇಳಿದ್ದರೆ ಹೇಳುತ್ತಿದ್ದಿರಾ ಎಂದಳು. ಮೀಸೆಯಿಲ್ಲದೆ ಲಿಫ್ಟ್ ಕಂಪನಿಯವರ ಮುಂದೆ ಮಲಗಿದ್ದೆನಾ ಎಂದು ಅವನಿಗೆ ಸಿಟ್ಟು. ಮೈಮೇಲೆ ಬಟ್ಟೆ ಸರಿಯಿರಲಿ ಎಂದು ನಾನು ಒದ್ದಾಡಿದ್ದು ನನಗೆ ಗೊತ್ತು ಎಂದು ಅವಳಿಗೆ ಸಿಟ್ಟು. ಕೊನೆಗೆ ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ಹೊತ್ತಾಯಿತು. ಕೂಡಿಟ್ಟ ಮಾತನ್ನೆಲ್ಲ ಮೀಸೆಯೇ ನುಂಗಿಹಾಕಿತು.

ಮೊದಲ ವಾರಗಳಲ್ಲಿ ದಿನದ ಮಾತ್ರೆ ಏನೂ ಮಾಡಲಿಲ್ಲ. ಮನೆಯಲ್ಲಿ ಮಶೀನಿನ ಸದ್ದು, ಪಾತ್ರೆಯ ಸದ್ದು, ಅಷ್ಟೆ. ಮಗಳು ಹೊರಗೇ ಉಂಡು ಬರತೊಡಗಿದಳು. ಹೇಳಬೇಕಾದ್ದಿದ್ದರೆ, "ಅಜ್ಜಿ, ನೀರು ಕಾದಿದೆಯಾ ಕೇಳು," ಎನ್ನುತ್ತಿದ್ದಳು. "ಕಾದಿದೆ ಅಂತ ಹೇಳಿ ಅತ್ತೆ," ಎಂದು ಪರದೆಯಕ್ಕ ಉತ್ತರ ಕೊಡುತ್ತಿದ್ದಳು. ನಡುವೆ ಕೂತ ಮುದುಕಿಗೆ ಎರಡೂ ಕಡೆಯ ಟಪಾಲು ಹೊತ್ತು ತಲೆ ಚಿಟ್ಟು ಹಿಡಿಯಿತು. ಆಸ್ಪತ್ರೆಯಿಂದ ಡಾಕ್ಟರಮ್ಮ ಫೋನು ಮಾಡಿ ಏನಾದರೂ ಕಂಡಿತೇ ಎಂದು ವಿಚಾರಿಸುತ್ತಿದ್ದಳು. ಪರದೆಯಕ್ಕ ಇಲ್ಲ ಎಂದು ಇಟ್ಟುಬಿಡುತ್ತಿದ್ದಳು. ತಪ್ಪು ಮಾಡಿದೆ ಎಂದು ಅವಳಿಗೆ ಆಗ ಖಾತ್ರಿಯಾಗಿತ್ತು. ಮಗಳ ಮುಖ ನೋಡುವುದನ್ನೂ ಬಿಟ್ಟಳು.

ಆಮೇಲೊಂದು ದಿನ ತುಟಿ ಒರೆಸುವಾಗ ಮೇಸ್ತ್ರಿಯ ನಾಲಿಗೆ ಒದ್ದೆ ಬಟ್ಟೆಯನ್ನು ಒತ್ತಿತು. ಇನ್ನೊಂದು ದಿನ ಹೊರಳಿಸುವಾಗ ಅವನ ಹಿಮ್ಮಡಿ ಹಾಸಿಗೆಗೆ ಊರಿತು; ಅವಳ ಕೈಗೆ ಅರ್ಧ ಭಾರ ಬರಲಿಲ್ಲ. ಹಾಗೆ ಆಯಿತು ಎಂದು ಅವಳು ಯಾರಿಗೂ ಹೇಳಲಿಲ್ಲ, ಮರುದಿನವೂ ಆದಮೇಲೆ ಅತ್ತೆಗೆ ಹೇಳಿದಳು. ಆಸ್ಪತ್ರೆಯವರು ನುಂಗಿಸಿ ನೋಡಿ ಒಪ್ಪಿದ ಮೇಲೆ ದಿನಕ್ಕೆರಡು ಹೊತ್ತು ಬಾಯಲ್ಲಿ ಗಂಜಿ ಶುರುವಾಯಿತು. ಮಾತಿರಲಿಲ್ಲ. ಆದರೆ ಅವಳು ಕೋಣೆಯಲ್ಲಿ ಅತ್ತ ಹೋದರೆ ಕಣ್ಣು ಅತ್ತ, ಇತ್ತ ಬಂದರೆ ಇತ್ತ. ಹುಣ್ಣಿನ ಸುತ್ತ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂದಿತ್ತು.

ಅದರ ಹಿಂದೆಯೇ ಚಡಪಡಿಕೆಯೂ ಬಂತು. ಹೊದಿಕೆ ಒದೆಯುವುದು, ದಿಂಬು ಕೆಳಕ್ಕೆ ತಳ್ಳುವುದು, ಮಂಚದ ಕಂಬಿ ಹಿಡಿದು ಅಲುಗಿಸುವುದು. ಮೂಗಿನ ನಳಿಕೆಯನ್ನು ಎರಡು ಸಲ ಕಿತ್ತು ಹಾಕಿದ. ಅರ್ಧ ದೇಹ ಮಂಚದಿಂದ ಜಾರಿ, ಅತ್ತೆ ಕೂಗಿ, ಬೀದಿಯವರು ಓಡಿಬಂದರು. ಇದುವರೆಗೆ ಅಲುಗಾಡದ ಮನುಷ್ಯನನ್ನು ನೋಡಿಕೊಂಡಿದ್ದ ಮನೆಗೆ ಈಗ ಒಂದು ನಿಮಿಷ ಕಣ್ಣು ಮುಚ್ಚುವ ಹಾಗಿರಲಿಲ್ಲ. ಡಾಕ್ಟರಮ್ಮ ಬಂದು ನೋಡಿದಳು. ಎಚ್ಚರವಾಗುವವರಲ್ಲಿ ಹೀಗಾಗುವುದುಂಟು, ಆದರೆ ನಮ್ಮ ಪ್ರತಿ ಇದನ್ನು ತೋರಿಸಿರಲಿಲ್ಲ ಎಂದು ಒಪ್ಪಿಕೊಂಡಳು. ಮದ್ದು ಕಡಿಮೆ ಮಾಡಿದರೆ ಗಲಾಟೆ ಇಳಿಯುತ್ತದೆ, ಬಂದದ್ದೂ ಸ್ವಲ್ಪ ಇಳಿಯಬಹುದು. ಹೇಗೆ ಮಾಡಲಿ ಎಂದು ಕೇಳಿದಳು. ಪರದೆಯಕ್ಕನ ತೋಳಿನ ಮೇಲೆ ಗಂಡನ ಉಗುರಿನ ಗೆರೆಗಳಿದ್ದವು.

"ಇಷ್ಟೇ ಇರಲಿ," ಎಂದಳು.

ರಜೆಯ ದಿನ. ಮಗಳು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಪರದೆಯಕ್ಕ ಮರುದಿನ ಕೊಡಬೇಕಾಗಿದ್ದ ಬಿಳಿ ಪರದೆಗಳ ಅಂಚು ಮುಗಿಸಿ, ಮಂಚದ ಪಕ್ಕದ ಕುರ್ಚಿಯ ಬೆನ್ನಿಗೆ ಇಳಿಬಿಟ್ಟು, ಗಂಡನಿಗೆ ಗಂಜಿ ಕೊಡಲು ಕೂತಳು. ಎರಡು ಚಮಚ ನುಂಗಿದ. ಮೂರನೆಯದಕ್ಕೆ ಬಾಯಿ ಬಿಗಿದ. ಇನ್ನೊಂದೇ ತುತ್ತು ಎಂದು ಅವಳು ಚಮಚ ಒತ್ತಿದಳು. ಮೇಸ್ತ್ರಿ ಕೈಯೆತ್ತಿ ಬಟ್ಟಲನ್ನು ಬೀಸಿ ಹೊಡೆದ. ಗಂಜಿಯೆಲ್ಲ ಬಿಳಿ ಪರದೆಯ ಮೇಲೆ.

ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಅವಳ ಬಾಯಿ ಬಿಚ್ಚಿತು. ಅವನು ಬಿದ್ದಾಗಿನಿಂದ ಇದುವರೆಗೆ, ಆ ಮೀಸೆಯ ಜಗಳ ಬಿಟ್ಟರೆ, ಅವಳು ಗಂಡನಿಗೆ ಜೋರಾಗಿ ಒಂದು ಮಾತಾಡಿದವಳಲ್ಲ. ನುಂಗಿ, ಹೊರಳಿ, ಸ್ವಲ್ಪ ತಾಳಿ ಎಂದು ಮಗುವಿಗೆ ಹೇಳುವ ಹಾಗೆ ಹೇಳಿಕೊಂಡು ಬಂದವಳು. ಈಗ ಬೀದಿಗೆ ಕೇಳುವ ಹಾಗೆ ಬೈದಳು. ಎರಡು ದಿನದ ಕೆಲಸ ಹಾಳಾಯಿತು, ಗಿರಾಕಿಗೆ ಏನು ಮುಖ ತೋರಿಸಲಿ, ಬೇಡದಿದ್ದರೆ ತಲೆ ಅಲ್ಲಾಡಿಸಲು ಏನಾಗಿತ್ತು, ನಾನೇನು ಕಬ್ಬಿಣದ ಮನುಷ್ಯಳೇ, ನನಗೆ ಮೈಕೈ ನೋಯುವುದಿಲ್ಲವೇ. ಅತ್ತೆ ಓಡಿಬಂದು, ಕಾಯಿಲೆಯವನನ್ನು ಹೀಗೆ ಬೈಯುತ್ತಾರಾ ಎಂದರು. ಬೈಯುತ್ತಾರೆ ಎಂದು ಅವಳು ಇನ್ನೂ ನಾಲ್ಕು ಸೇರಿಸಿದಳು.

ಮೇಸ್ತ್ರಿ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಕೆಳತುಟಿ ಬಿಗಿಯಾಯಿತು. ಕೈ ಚಾಚಿ ಮಂಚದ ಆಚೆ ಬದಿಯ ಕಂಬಿ ಹಿಡಿದ, ಹಿಮ್ಮಡಿ ಊರಿದ, ಏದುಸಿರು ಬಿಡುತ್ತ, ಸ್ವಲ್ಪ ಸ್ವಲ್ಪವಾಗಿ, ಗೋಡೆಯ ಕಡೆಗೆ ಹೊರಳಿ ಅವಳಿಗೆ ಬೆನ್ನು ತಿರುಗಿಸಿ ಮಲಗಿದ.

ಅವನನ್ನು ಯಾರೂ ಮುಟ್ಟಿರಲಿಲ್ಲ. ಪರದೆಯಕ್ಕನ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಮೆಲ್ಲಗೆ ಹೋಗಿ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಭುಜ ಕೊಡವಿ ಕೈಯನ್ನು ಸರಿಸಿದ.

ಬಾಗಿಲಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಅರ್ಧ ಮಡಿಸಿದ ಬಟ್ಟೆ.

"ಅಮ್ಮಾ," ಎಂದಳು. ಅಜ್ಜಿಯ ಮೂಲಕ ಅಲ್ಲ, ನೇರವಾಗಿ. "ಅಪ್ಪಂಗೆ ನಿನ್ನ ಮೇಲೆ ಸಿಟ್ಟು ಬಂದಿದೆ."

"ಬರಲಿ," ಎಂದಳು ಪರದೆಯಕ್ಕ. "ನಂಗೂ ಬಂದಿದೆ."

ಮಗಳು ಬಟ್ಟೆ ಕೆಳಗಿಟ್ಟು ಒಳಗೆ ಬಂದಳು. ಮಂಚದ ಹತ್ತಿರ ನಿಂತು ಅಪ್ಪನ ಬೆನ್ನು ನೋಡಿದಳು. ಅಂಗಿ ಮೇಲೆ ಸರಿದು ಹುಣ್ಣಿನ ಜಾಗ ಕಾಣುತ್ತಿತ್ತು. ಈ ಸಲ ಮುಖ ತಿರುಗಿಸಲಿಲ್ಲ. ಅಂಗಿಯನ್ನು ಕೆಳಗೆ ಎಳೆದು ಮುಚ್ಚಿ, ಒಲೆಯ ಮೇಲೆ ಇನ್ನೂ ಗಂಜಿ ಇದೆಯಾ ಎಂದು ಕೇಳಿದಳು. ಇದೆ, ಆದರೆ ಈಗಲೇ ಬೇಡ, ಸಿಟ್ಟು ಇಳಿಯಲಿ ಎಂದಳು ತಾಯಿ.

ಅಷ್ಟು ಹೇಳಿ ಕೊಳೆಯಾದ ಪರದೆಗಳನ್ನು ಬಾಚಿಕೊಂಡು ನಲ್ಲಿಯ ಹತ್ತಿರ ಹೋದಳು. ನೀರು ಬಿಟ್ಟು, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ತಿಕ್ಕತೊಡಗಿದಳು. ಕರೆ ಬಿಡುವ ಹಾಗೆ ಕಾಣಲಿಲ್ಲ. ಒಳಗಿನಿಂದ ಮಂಚದ ಕಂಬಿ ಮತ್ತೆ ಗಡಗಡ ಅಲುಗುವ ಸದ್ದು, ಅತ್ತೆಯ ಗದರಿಕೆ, ಮಗಳ ನಗು ಒಟ್ಟಿಗೇ ಕೇಳಿಬಂದವು. ಅವಳು ಇನ್ನೊಂದಿಷ್ಟು ಸೋಪು ಹಚ್ಚಿ ತಿಕ್ಕಿದಳು.